ಗಾಡಿ ನಿಂತಾಗ ಎಸಿ ಯಾಕೆ ಬಿಸಿ ಗಾಳಿ ಊದುತ್ತೆ? ಅಕ್ಕನ ಪ್ರಶ್ನೆಗೆ

ಅಕ್ಕ, ನಿಮ್ಮ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಹುಡುಗ ಡೆಲಿವರಿ ಲಾರಿಗೆ ಹೋಗೋಕೆ ಶುರು ಮಾಡಿ ನಾಲ್ಕು ದಿನ ಆಯ್ತು, ಗಾಡಿ ಓಡ್ತಿರುವಾಗ ಎಸಿ ತಣ್ಣಗಿರುತ್ತೆ, ನಿಲ್ಲಿಸಿದ ಕಡೆಯೆಲ್ಲ ಬಿಸಿ ಗಾಳಿ ಬರುತ್ತೆ, ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತೆ ಅಂತಾನೆ. ಮೆಕ್ಯಾನಿಕ್ ಬೋನೆಟ್ ಕೂಡ ಎತ್ತದೆ ‘ಗ್ಯಾಸ್ ಹಾಕಿಸಿ’ ಅಂದ. ಗ್ರೂಪಲ್ಲಿ ‘ನೀರು ಜಾಸ್ತಿ ಕುಡೀಲಿ ಬಿಡಿ’ ಅಂದ್ರು. ಎರಡೂ ಅರ್ಧಂಬರ್ಧ ಮಾತು. ಇದು ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ, ಅವನಿಗೂ ಫಾರ್ವರ್ಡ್ ಮಾಡಿ.

ಮೊದ್ಲು ಎಸಿ ವಿಷಯ ಮುಗಿಸ್ತೀನಿ. ಓಡುವಾಗ ತಂಪು, ನಿಂತಾಗ ಬಿಸಿ ಅಂದ್ರೆ ಗ್ಯಾಸಿನ ಮೇಲಲ್ಲ, ಮೊದಲ ಅನುಮಾನ ಕಂಡೆನ್ಸರ್ ಮತ್ತು ಅದರ ಫ್ಯಾನಿನ ಮೇಲೆ ಬರಬೇಕು. ಕ್ಯಾಬಿನ್ನಿನ ಬಿಸಿಯನ್ನ ಗ್ಯಾಸು ಹೊತ್ಕೊಂಡು ಬಂದು ಹೊರಗೆ ಚೆಲ್ಲೋ ಜಾಗ ಕಂಡೆನ್ಸರ್. ಸಾಮಾನ್ಯವಾಗಿ ರೇಡಿಯೇಟರ್ ಮುಂದೆ ಇರುತ್ತೆ, ಕೆಲವು ಗಾಡೀಲಿ ಕ್ಯಾಬಿನ್ ಮೇಲೆ ಇರುತ್ತೆ. ಗಾಡಿ ಓಡುವಾಗ ಎದುರುಗಾಳಿ ತಾನಾಗೇ ಅದರೊಳಗೆ ನುಗ್ಗುತ್ತೆ. ನಿಂತಾಗ ಫ್ಯಾನೇ ಎಳೀಬೇಕು. ಫ್ಯಾನ್ ಸೋತಿದ್ರೆ, ಇಲ್ಲಾ ಜಾಲಿಯಲ್ಲಿ ಧೂಳು, ಹುಳ, ಹತ್ತಿ ಥರದ ನಾರು ಕಟ್ಟಿಕೊಂಡಿದ್ರೆ, ಬಿಸಿ ಹೊರಗೆ ಹೋಗಲ್ಲ, ಗ್ಯಾಸಿನ ಒತ್ತಡ ಏರ್ತಾ ಏರ್ತಾ ಕೊನೆಗೆ ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನ (ಗ್ಯಾಸನ್ನ ಒತ್ತಿ ತಳ್ಳೋ ಪಂಪು) ಕಟ್ ಮಾಡುತ್ತೆ. ‘ಟಕ್’ ಅಂತ ಕಂಪ್ರೆಸರಿನ ಕ್ಲಚ್ ಬಿಟ್ಟುಕೊಳ್ಳೋ ಶಬ್ದ ಕೇಳಿಸುತ್ತಲ್ಲ, ಅದೇ.

ಇದನ್ನ ಮನೆ ಮುಂದೆಯೇ ಪರೀಕ್ಷೆ ಮಾಡಬಹುದು. ಇಂಜಿನ್ ಐಡಲ್‌ನಲ್ಲಿರಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಸುಮ್ನೆ ಆನ್ ಇರಲಿ, ಎಸಿ ಫುಲ್ ಇರಲಿ. ಒಂದು ಹಾಳೆ ತಗೊಂಡು ಕಂಡೆನ್ಸರ್ ಮುಂದೆ ಹಿಡೀರಿ. ಫ್ಯಾನ್ ಸರಿಯಾಗಿ ಎಳೀತಿದ್ರೆ ಹಾಳೆ ಹೋಗಿ ಜಾಲಿಗೆ ಅಂಟಿಕೊಳ್ಳುತ್ತೆ. ಜಾರಿ ಬಿದ್ರೆ ಗಾಳಿ ಸಾಲ್ತಿಲ್ಲ. ಆಮೇಲೆ ಒಂದು ಸ್ಪ್ರೇ ಬಾಟಲಿಯಿಂದ ಕಂಡೆನ್ಸರ್ ಮೇಲೆಲ್ಲ ನೀರು ಸಿಂಪಡಿಸಿ, ಒಳಗೆ ಇನ್ನೊಬ್ಬರು ಗಾಳಿ ಬರೋ ಕಡೆ ಕೈ ಹಿಡಿದಿರಲಿ. ಒಂದೆರಡು ನಿಮಿಷದಲ್ಲಿ ಗಾಳಿ ತಣ್ಣಗಾಯ್ತು ಅಂದ್ರೆ ಗ್ಯಾಸ್ ಇದೆ, ಕಂಪ್ರೆಸರ್ ಚೆನ್ನಾಗಿದೆ, ಬಿಸಿ ಹೊರಗೆ ಹೋಗೋ ದಾರಿ ಮಾತ್ರ ಮುಚ್ಚಿದೆ. ಮೆಕ್ಯಾನಿಕ್ ಎದುರು ಇಷ್ಟು ಮಾಡಿ ತೋರಿಸಿದ್ರೆ ಗ್ಯಾಸಿನ ಮಾತು ಅಲ್ಲಿಗೇ ನಿಲ್ಲುತ್ತೆ.

ಫ್ಯಾನ್ ಎರಡು ಥರ. ಕರೆಂಟಿನದಾದ್ರೆ ಮೊದ್ಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡೋ ಸ್ವಿಚ್ಚು), ಆಮೇಲೆ ಮೋಟರಿಗೆ ನೇರ ಬ್ಯಾಟರಿ ಲೈನ್ ಕೊಟ್ಟು ನೋಡೋದು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗೋಕೆ ಶುರುವಾದ್ರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ ತಿಳೀರಿ. ಇಂಜಿನ್ನಿಗೆ ಸೇರಿದ ಫ್ಯಾನ್ ಆದ್ರೆ ಮಧ್ಯೆ ವಿಸ್ಕಸ್ ಕಪ್ಲಿಂಗ್ ಇರುತ್ತೆ, ಬಿಸಿಯಾದಾಗ ಬಿಗಿ ಹಿಡಿದು ಫ್ಯಾನ್ ತಿರುಗಿಸೋ ಜೋಡಣೆ ಅದು. ಇಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ ಆಫ್ ಮಾಡಿ, ಕೀ ತೆಗೆದು ಜೇಬಲ್ಲಿಟ್ಟುಕೊಂಡು, ಕೈಯಿಂದ ತಿರುಗಿಸಿದ್ರೆ ಬಿಗಿ ಸಿಗಬೇಕು. ಗಿರಗಟ್ಲೆ ಥರ ಸುತ್ತಿದ್ರೆ ಕಪ್ಲಿಂಗ್ ಹೋಗಿದೆ. ಕರೆಂಟ್ ಫ್ಯಾನಿಗೆ ಮಾತ್ರ ಬೆರಳು ಹಾಕೋಕೆ ಹೋಗಬೇಡಿ, ಇಂಜಿನ್ ಆಫ್ ಇದ್ರೂ ಇದ್ದಕ್ಕಿದ್ದಂಗೆ ತಿರುಗುತ್ತೆ.

ಕ್ಲೀನಿಂಗ್ ವಿಷಯ. ಮುಂದಿನಿಂದ ನೋಡಿದ್ರೆ ಕಂಡೆನ್ಸರ್ ಲಕಲಕ ಅಂತಿರುತ್ತೆ. ಕಸ ಕೂತಿರೋದು ಅದರ ಮತ್ತು ರೇಡಿಯೇಟರ್ ಮಧ್ಯದ ಸಂದಿಯಲ್ಲಿ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಬೆಳಕು ಈ ಕಡೆ ಬರದಿದ್ರೆ ಅಲ್ಲಿ ಕಂಬಳಿ ಹೊದ್ದಂಗೆ ಕಸ ಕಟ್ಟಿದೆ ಅಂತಾಯ್ತು. ಇಂಜಿನ್ ತಣ್ಣಗಾದ ಮೇಲೆ, ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಬೇಕು, ಮಾಮೂಲಿ ಪೈಪಿನ ಒತ್ತಡ ಸಾಕು. ವಾಟರ್ ಸರ್ವಿಸ್ ಗನ್ ಹಿಡಿದ್ರೆ ಆ ತೆಳು ಅಲ್ಯೂಮಿನಿಯಂ ಎಲೆಗಳೆಲ್ಲ ಮಲಗಿಬಿಡ್ತವೆ, ಆಮೇಲೆ ಗಾಳಿ ಹೋಗೋ ದಾರಿ ಇನ್ನೂ ಕಡಿಮೆ.

ಇನ್ನು ಗ್ಯಾಸು. ಅದು ಡೀಸೆಲ್ ಥರ ಉರಿದು ಖರ್ಚಾಗೋ ವಸ್ತು ಅಲ್ಲ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರಿದೆ. ಗ್ಯಾಸಿನ ಜೊತೆ ಆಯಿಲ್ಲೂ ಬರೋದ್ರಿಂದ ಸೋರೋ ಜಾಗದಲ್ಲಿ ಜಿಡ್ಡು ಧೂಳು ಅಂಟಿರುತ್ತೆ: ಪೈಪ್ ಜಾಯಿಂಟು, ಕ್ಲಚ್ ಹಿಂದಿನ ಶಾಫ್ಟ್ ಸೀಲು, ಗ್ಯಾಸ್ ತುಂಬೋ ವಾಲ್ವಿನ ಪಿನ್ನು, ಕಂಡೆನ್ಸರಿನ ಕೆಳಗಿನ ಮೂಲೆ. ಒತ್ತಡ ಅಳೆಯೋ ಗೇಜ್ ಹಾಕಿಸಿದ್ರೆ ಹೊರಗೆ 30ರಿಂದ 35 ಡಿಗ್ರಿ ಇರುವಾಗ, ಇಂಜಿನ್ 1500 ಆರ್‌ಪಿಎಂನಲ್ಲಿ, ಆರ್134ಎ ಅನ್ನೋ ಎಸಿ ಗ್ಯಾಸಿಗೆ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ವಾಪಸ್ ಬರೋ ಕಡೆ) ಸುಮಾರು 30ರಿಂದ 45 ಪಿಎಸ್‌ಐ, ಹೈ ಸೈಡ್ (ಕಂಪ್ರೆಸರಿಂದ ಗ್ಯಾಸ್ ಒತ್ತಿ ಹೊರಡೋ ಕಡೆ) ಸುಮಾರು 190ರಿಂದ 260 ಇರಬೇಕು. ಎರಡೂ ಕಡಿಮೆ ಇದ್ರೆ ಗ್ಯಾಸ್ ಕಡಿಮೆ. ಐಡಲ್‌ನಲ್ಲಿ ಹೈ ಸೈಡ್ 300 ದಾಟಿ ಏರ್ತಾನೇ ಇದ್ರೆ ಗಾಳಿ ಸಾಲ್ತಿಲ್ಲ, ಇಲ್ಲಾ ಗ್ಯಾಸ್ ಜಾಸ್ತಿ ಆಗಿದೆ, ಇಲ್ಲಾ ಲೈನಿನಲ್ಲಿ ಗಾಳಿ ಸೇರಿದೆ. ಲೋ ಸೈಡ್ ಜಾಸ್ತಿ, ಹೈ ಸೈಡ್ ಕಡಿಮೆ ಇದ್ದು ಎರಡೂ ಹತ್ತಿರ ಹತ್ತಿರ ಬಂದಿದ್ರೆ ಕಂಪ್ರೆಸರ್ ಒಳಗೇ ಸವೆದಿದೆ. ನಿಮ್ಮ ಗಾಡಿಯ ಈಗಿನ ಸ್ಥಿತಿಯಲ್ಲಿ ಮೇಲಿಂದ ಮೇಲೆ ಗ್ಯಾಸ್ ತುಂಬಿಸಿದ್ರೆ ಹೈ ಸೈಡ್ ಇನ್ನೂ ಏರಿ ಎಸಿ ಈಗಿನದಕ್ಕಿಂತ ಬೇಗ ಕಟ್ ಆಗುತ್ತೆ. ಲೈನ್ ಬಿಚ್ಚೋ ಪ್ರಸಂಗ ಬಂದ್ರೆ ತೇವ ಹೀರೋ ಡ್ರೈಯರ್ ಬದಲಾಯಿಸಿ, ಕಡಿಮೆ ಅಂದ್ರೂ ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿಸಿ (ಪಂಪಿನಿಂದ ಲೈನಿನ ಗಾಳಿಯೆಲ್ಲ ಎಳೆಸಿ), ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ವಾಪಸ್ ಬರಲ್ಲ ಅಂತ ನೋಡಿ, ಬೋನೆಟ್ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಕ ಹಾಕಿ ತುಂಬಬೇಕು. ಹೊಸ ಗಾಡಿಗಳಲ್ಲಿ ಆರ್1234ವೈಎಫ್ ಅನ್ನೋ ಬೇರೆ ಗ್ಯಾಸ್ ಇರಬಹುದು, ಅದಕ್ಕೆ ಹಳೇ ಗ್ಯಾಸ್ ಬೆರೆಸೋ ಹಾಗಿಲ್ಲ.

ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿಯ ರಭಸವೇ ಇಳಿದು ಹೋಗೋದು ಬೇರೆ ರೋಗ. ಅದು ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟೋದು. ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಬಹುಪಾಲು ಅಲ್ಲೇ ಸಿಗುತ್ತೆ.

ಇನ್ನೊಂದನ್ನ ಯಾರೂ ನೋಡಲ್ಲ. ಡ್ರೈವರ್ ಸೀಟಿನ ಕೆಳಗೋ ಪಕ್ಕಕ್ಕೋ ಇಂಜಿನ್ ಇರೋ ಗಾಡಿಗಳಲ್ಲಿ ಮುಚ್ಚಳದ ಒಳಗಿನ ಫೋಮ್ ಹಾಳೆ ಕಿತ್ತು ಹೋಗಿರುತ್ತೆ, ಪೆಡಲ್ ಮತ್ತು ಗೇರ್ ಲಿವರ್ ಬುಡದ ರಬ್ಬರ್ ಹರಿದಿರುತ್ತೆ. ಮೇಲಿಂದ ಎಸಿ ತಣ್ಣಗೆ ಊದ್ತಿದ್ರೂ ಮೊಣಕಾಲಿಗೆ ಒಲೆ ಮುಂದೆ ಕೂತಂಗೆ ಇರುತ್ತೆ. ಹೊಸ ರಬ್ಬರು, ಬೆಂಕಿ ಹತ್ತದ ಇನ್ಸುಲೇಶನ್ ಹಾಳೆ ಹಾಕಿಸೋಕೆ ದೊಡ್ಡ ಕೆಲಸ ಏನಿಲ್ಲ.

ಈಗ ಮುಖ್ಯವಾದ್ದು. ಎಸಿ ಪೂರ್ತಿ ಸರಿಯಾದ್ರೂ ಡೆಲಿವರಿ ಗಾಡೀಲಿ ಅದು ಗೆಲ್ಲಲ್ಲ ಅಕ್ಕ. ದೂರದ ಲೈನಿನ ಲಾರಿ ಬಾಗಿಲು ಮುಚ್ಕೊಂಡು ನಾಲ್ಕು ಗಂಟೆ ಓಡುತ್ತೆ. ಇವನು ಹತ್ತು ನಿಮಿಷಕ್ಕೊಂದ್ಸಲ ಆಫ್ ಮಾಡಿ ಬಾಗಿಲು ತೆಗೀತಾನೆ. ಬಿಸಿಲಲ್ಲಿ ಮುಚ್ಚಿ ನಿಂತ ಗಾಡಿ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತೆ, ಗಾಜು ಎರಡು ಬೆರಳು ಇಳಿಸಿದ್ರೆ ಹೆಚ್ಚೇನೂ ವ್ಯತ್ಯಾಸ ಆಗಲ್ಲ. ಹಾಗಾಗಿ ನಿಲ್ಲಿಸುವಾಗ ಮುಂದಿನ ಗಾಜು ಸೂರ್ಯನಿಗೆ ಬೆನ್ನು ಹಾಕಿರಲಿ, ಬೆಳ್ಳಿ ಬಣ್ಣದ ಹಾಳೆ ಗಾಜಿಗೆ ಒಳಗಿಂದ ಅಡ್ಡ ಇಡಲಿ. ವಾಪಸ್ ಬಂದಾಗ ಎರಡೂ ಬಾಗಿಲು ಅರ್ಧ ನಿಮಿಷ ತೆರೆದಿಟ್ಟು, ಮೊದಲ ಒಂದೆರಡು ನಿಮಿಷ ಗಾಜು ಇಳಿಸಿ ಓಡಿಸಿ, ಆಮೇಲೆ ಗಾಜು ಏರಿಸಿ ಒಳಗಿನ ಗಾಳಿಯೇ ಸುತ್ತೋ ಬಟನ್ ಒತ್ತಬೇಕು. ಬಂದ ತಕ್ಷಣ ಅದನ್ನ ಒತ್ತಿದ್ರೆ 50 ಡಿಗ್ರಿ ಗಾಳಿಯನ್ನೇ ಸುತ್ತಿಸ್ತಾ ಕೂರುತ್ತೆ. ತುಂಬಾ ಹೊತ್ತು ಅದರಲ್ಲೇ ಇದ್ರೆ ತೂಕಡಿಕೆ ಬರುತ್ತೆ, ನಡುನಡುವೆ ಹೊರಗಿನ ಗಾಳಿ ಬಿಡಲಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಆನ್ ಮಾಡಿ ಎಸಿಯಲ್ಲಿ ಮಲಗೋದಂತೂ ಬೇಡವೇ ಬೇಡ, ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಹಿಂದಿನ ಡಬ್ಬದೊಳಗೆ ಯಾವ ಎಸಿಯೂ ಇಲ್ಲ, ತಲೆಸುತ್ತು ಶುರುವಾಗೋ ಜಾಗ ಅದೇ. ತಗಡಿನ ಚಾವಣಿ ಕಾವಲಿ ಥರ ಮೇಲಿಂದ ಕಾಯಿಸುತ್ತೆ, ಅದರೊಳಗೆ ಬಗ್ಗಿ ಪಾರ್ಸೆಲ್ ಹುಡುಕೋದು. ಹುಡುಕೋ ಕೆಲಸವನ್ನ ಬೆಳಿಗ್ಗೆಯೇ ಮುಗಿಸ್ಕೋಬೇಕು: ಕೊನೆಗೆ ಕೊಡೋದು ಮೊದ್ಲು ಒಳಗೆ, ಮಧ್ಯಾಹ್ನ 12ರಿಂದ 4ರ ಒಳಗಿನವು ಬಾಗಿಲ ಹತ್ತಿರ ಕೈಗೆ ಸಿಗೋ ಹಾಗೆ. ನಡುವೆ ಮತ್ತೆ ಜೋಡಿಸಲೇಬೇಕಾದ್ರೆ ನೆರಳಲ್ಲಿ ನಿಲ್ಲಿಸಿ, ಇರೋ ಬಾಗಿಲೆಲ್ಲ ತೆಗೆದು, ಐದು ನಿಮಿಷ ಒಳಗೆ, ಐದು ನಿಮಿಷ ಹೊರಗೆ.

ನಾಲ್ಕನೇ ದಿನಕ್ಕೇ ಯಾಕೆ ಹೀಗೆ ಅಂತ ಕೇಳಿದ್ರಿ. ಮೈಗೆ ಬಿಸಿಲು ಒಗ್ಗೋಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತೆ, ಜಾಸ್ತಿ ಬೆವರುತ್ತೆ, ಬೆವರಲ್ಲಿ ಉಪ್ಪು ಕಡಿಮೆ ಬಿಡುತ್ತೆ. ಬಿಸಿಲಿನ ಕೆಲಸದಲ್ಲಿ ಸಾವುಗಳು ಹೆಚ್ಚಾಗಿ ಆಗೋದು ಮೊದಲ ಕೆಲವೇ ದಿನಗಳಲ್ಲಿ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಶೇಕಡ 20 ಮಾತ್ರ, ಆಮೇಲೆ ದಿನಕ್ಕೆ 20ರಂತೆ ಏರಿಸೋದು ಅಂತ ಸುರಕ್ಷತೆ ನೋಡೋರು ಲೆಕ್ಕ ಇಟ್ಟಿದ್ದಾರೆ. ಹಳಬರು ವಾರಗಟ್ಟಲೆ ರಜೆ ಹಾಕಿ ಬಂದ್ರೆ 50, 60, 80, 100 ಹೀಗೆ. ಇವನಿಗೆ ಮೊದಲ ದಿನವೇ ಪೂರ್ತಿ ರೂಟ್ ಕೊಟ್ಟಿದ್ದಾರೆ ಅಂದ್ರೆ ಅದು ಮೇಲ್ವಿಚಾರಕರ ಜೊತೆ ಮಾತಾಡಬೇಕಾದ ವಿಷಯ, ಹುಡುಗನ ಸೋಮಾರಿತನ ಅಲ್ಲ. ಎಸಿಯಿಂದ ಬಿಸಿಲಿಗೆ ಹೋಗಿ ಬಂದ್ರೆ ಕಾಯಿಲೆ ಅಂತ ಎಸಿಯನ್ನೇ ಹಾಕದೆ ಓಡಿಸೋರಿದ್ದಾರೆ, ಅದು ತಪ್ಪು. ನಡುನಡುವೆ ತಂಪಿಗೆ ಕೂತಾಗಲೇ ಒಳಗೆ ಏರಿದ ಕಾವು ಇಳಿಯೋದು.

ನೀರಿಗೆ ಅಳತೆ ಇದೆ: 15-20 ನಿಮಿಷಕ್ಕೊಂದು ಲೋಟ, ಹತ್ತಿರ ಹತ್ತಿರ 240 ಮಿಲಿ. ಬಾಯಾರಿಕೆ ಆಗಲಿ ಅಂತ ಕಾಯೋದಲ್ಲ. ಹಾಗಂತ ಗಂಟೆಗೆ 1.4 ಲೀಟರ್ ಮೀರಬಾರದು. ಮೀರಿದ್ರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಬರುತ್ತೆ, ಅದೂ ಬಿಸಿಲು ಬಡಿದಂಗೇ ಕಾಣೋದ್ರಿಂದ ಜನ ಇನ್ನೂ ನೀರು ಕುಡಿಸ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡೋನಿಗೆ ಉಪ್ಪು ಊಟದಲ್ಲೇ ಸಿಗುತ್ತೆ. ಊಟ ತಪ್ಪಿ ಗಂಟೆಗಟ್ಟಲೆ ಬೆವರಿದ್ರೆ ಓಆರ್‌ಎಸ್, ಒಂದು ಲೀಟರಿನ ಪ್ಯಾಕೆಟ್ಟಾದ್ರೆ ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಪ್ಯಾಕೆಟ್ ಇಲ್ಲದಿದ್ರೆ ಒಂದು ಲೀಟರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಾಟಲಿಗೆ ಅರ್ಧ ನೀರು ಹಾಕಿ ರಾತ್ರಿ ಅಡ್ಡ ಮಲಗಿಸಿ ಫ್ರೀಜರಲ್ಲಿಡಿ, ಬೆಳಿಗ್ಗೆ ಮಿಕ್ಕಿದ್ದು ತುಂಬಿಸಿ, ಬಟ್ಟೆ ಸುತ್ತಿ ಕೊಟ್ಟುಬಿಡಿ.

ಆದ್ರೆ ಈ ಹುಡುಗರು ನೀರು ಕುಡಿಯದೇ ಇರೋದು ಮರೆತಲ್ಲ. ದಾರೀಲಿ ಟಾಯ್ಲೆಟ್ ಇಲ್ಲ ಅಂತ ಬೇಕಂತಲೇ ಕುಡಿಯಲ್ಲ. ನಾಚಿಕೆಗೆ ಹೇಳಲ್ಲ. ರೂಟಿನಲ್ಲಿ ಎಲ್ಲೆಲ್ಲಿ ಹೋಗಬಹುದು ಅಂತ ಮೊದಲೇ ಗುರುತು ಹಾಕ್ಕೊಳ್ಳಲಿ. ಮೂತ್ರ ತಿಳಿ ಹಳದಿ ಇರಬೇಕು. ಕಂದು ಬಣ್ಣಕ್ಕೆ ಬಂದ್ರೆ ಅದೇ ದಿನ ಡಾಕ್ಟರ್ ಹತ್ರ ಹೋಗ್ಲಿ. ಬಿಪಿಗೆ ಮೂತ್ರ ಹೆಚ್ಚಿಸೋ ಮಾತ್ರೆ, ನೆಗಡಿ-ಅಲರ್ಜಿ ಮಾತ್ರೆ, ಮನೋರೋಗದ ಕೆಲವು ಔಷಧಿ ತಗೊಳ್ಳೋರಿಗೆ ಬಿಸಿಲು ಬೇಗ ಬಡಿಯುತ್ತೆ. ತಾವೇ ನಿಲ್ಲಿಸದೆ ಡಾಕ್ಟರನ್ನ ಕೇಳಬೇಕು.

ತಲೆಸುತ್ತು, ವಾಕರಿಕೆ, ಕಾಲು ಹಿಡ್ಕೊಳ್ಳೋದು ಶುರುವಾದ್ರೆ ಆ ಕ್ಷಣವೇ ಗಾಡಿ ಪಕ್ಕಕ್ಕೆ ಹಾಕಿ, ತಂಪಲ್ಲಿ ಕಾಲು ಎತ್ತರಕ್ಕಿಟ್ಟು ಮಲಗಿ ಗುಟುಕು ಗುಟುಕಾಗಿ ನೀರು ಕುಡೀಲಿ. ಅರ್ಧ ಗಂಟೇಲಿ ಇಳಿಯದಿದ್ರೆ ಆಸ್ಪತ್ರೆ. ಆದ್ರೆ ಮಾತು ತೊದಲಿತು, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ, ಸುಮ್ಸುಮ್ನೆ ಸಿಟ್ಟು, ನಡಿಗೆ ಓಲಾಡೋದು ಅಂದ್ರೆ ಅದು ಹೀಟ್ ಸ್ಟ್ರೋಕ್. ಮೈ ಒಣಗಿರಬೇಕು ಅಂತಿಲ್ಲ, ಬೆವರು ಧಾರಾಕಾರ ಸುರೀತಿರಬಹುದು. ಆಂಬ್ಯುಲೆನ್ಸಿಗೆ ಒಬ್ಬರು ಫೋನ್ ಮಾಡ್ತಿರುವಾಗಲೇ ಇನ್ನೊಬ್ಬರು ತಣ್ಣಗೆ ಮಾಡೋಕೆ ಶುರು ಮಾಡಬೇಕು. ಮೇಲಿನ ಬಟ್ಟೆ ತೆಗೆದು ಮೈತುಂಬ ನೀರು ಸುರಿದು ಬೀಸಿ, ಐಸ್ ಸಿಕ್ಕಿದ್ರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ, ತೊಟ್ಟಿ ಇದ್ರೆ ಕತ್ತಿನವರೆಗೆ ತಣ್ಣೀರಲ್ಲಿ ಕೂರಿಸಿ ತಲೆ ಹಿಡ್ಕೊಳ್ಳಿ. ಬಿಸಿ ಕ್ಯಾಬಿನ್ನಿನಲ್ಲಿ ಹಾಕ್ಕೊಂಡು ಆಸ್ಪತ್ರೆ ಹುಡುಕ್ತಾ ಹೋದ ಅರ್ಧ ಗಂಟೆಯಲ್ಲೇ ಮಿದುಳು, ಕಿಡ್ನಿ ಹೋಗೋದು. ಎಚ್ಚರ ಸರಿಯಿಲ್ಲದೋನ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯೂ ಬೇಡ, ಇದು ಜ್ವರ ಅಲ್ಲ.

ನೀವು ಮನೆಯಿಂದ ಮಾಡಬಹುದಾದ್ದು ಒಂದಿದೆ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ, ಗಾಡಿ ನಿಲ್ಲಿಸಿರುವಾಗ ಅವನೇ ಫೋನ್ ಮಾಡೋ ಹಾಗೆ ಮಾತಾಡ್ಕೊಳ್ಳಿ. ‘ಹುಷಾರಾಗಿದೀಯಾ’ ಅಂತ ಕೇಳಬೇಡಿ, ಹ್ಞೂಂ ಅಂದುಬಿಡ್ತಾನೆ. ಎಷ್ಟು ಪಾರ್ಸೆಲ್ ಉಳಿದಿದೆ, ಮುಂದಿನ ಮೂರು ಸ್ಟಾಪ್ ಯಾವುದು, ಈಗ ಎಲ್ಲಿ ನಿಂತಿದೀಯ ಅಂತ ಕೇಳಿ. ತಡವರಿಸಿದ್ರೆ ಅಲ್ಲೇ ನೆರಳಲ್ಲಿ ಕೂರಿಸಿ, ಜಾಗ ಗೊತ್ತಾದ ತಕ್ಷಣ ಅವನ ಆಫೀಸಿಗೂ ಆಂಬ್ಯುಲೆನ್ಸಿಗೂ ನೀವೇ ಫೋನ್ ಮಾಡಿ. ನಾಳೆ ಗಾಡಿ ಹೊರಡೋ ಮುಂಚೆ ಆ ಹಾಳೆ ಪರೀಕ್ಷೆ, ನೀರಿನ ಪರೀಕ್ಷೆ ಎರಡೂ ಮಾಡಿಸಿ, ಕಂಡೆನ್ಸರ್ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ತೆಗೆದ ಫೋಟೋ ಇಲ್ಲಿಗೇ ಹಾಕಿ, ನೋಡಿ ಹೇಳ್ತೀನಿ.