ಸ್ಪೀಕರ್ ಚಟಚಟ ಎನ್ನುತ್ತಿದೆ: ದೋಷ ಸ್ಪೀಕರಿನದೋ, ಕಂಪ್ಯೂಟರಿನದೋ?

ತುಂಗಾತೀರ (ಪ್ರಶ್ನೆ)

ಡೆಸ್ಕ್‌ಟಾಪಿನ ಹಿಂದಿನ ಹಸಿರು ಜ್ಯಾಕಿಗೆ 2.1 ಸ್ಪೀಕರ್ ಸೆಟ್ ಹಾಕಿದೆ, 3.5 ಎಂಎಂ ಪಿನ್. ವಿಂಡೋಸ್ 11. ಹಾಡು ಹಾಕಿದರೆ ಐದಾರು ಸೆಕೆಂಡಿಗೊಮ್ಮೆ ಚಟ್ ಚಟ್ ಎನ್ನುತ್ತದೆ, ಡೌನ್‌ಲೋಡ್ ನಡೀತಿದ್ದರೆ ಇನ್ನೂ ಜಾಸ್ತಿ. ವಾಲ್ಯೂಮ್ ತಿರುಗಿಸುವಾಗ ಬೇರೆ ಥರದ ಕರಕರ. ಅರ್ಧಕ್ಕೆ ಬಂದಾಗ ಎಡಗಡೆ ಸ್ಪೀಕರ್ ಒಂದು ಕ್ಷಣ ಸತ್ತು ಮತ್ತೆ ಬರುತ್ತದೆ. ಸೌಂಡ್ ಡ್ರೈವರ್ ತೆಗೆದು ಹಾಕಿದ್ದಾಯಿತು, ವೈರ್ ಬದಲಿಸಿದ್ದಾಯಿತು. ಅಂಗಡಿಯವರು ಸೆಟ್ಟೇ ಹೋಗಿದೆ ಅಂತಾರೆ. ಹೊಸದು ತಗೊಳ್ಳಬೇಕಾ?

ಬೆಸುಗೆಕಡ್ಡಿ

ಈಗಲೇ ಬೇಡ. ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆ ಇದ್ದ ಹಾಗಿದೆ. ಒಂದೇ ಅಂದುಕೊಂಡು ಹುಡುಕಿದರೆ ಎರಡೂ ಸಿಗುವುದಿಲ್ಲ.

ಮೊದಲು ಅದೇ ವೈರನ್ನು ಮೊಬೈಲಿಗೆ ಹಾಕಿ 10 ನಿಮಿಷ ಹಾಡು ಬಿಡಿ, ವಾಲ್ಯೂಮ್ ಮುಟ್ಟಬೇಡಿ. ಚಟಚಟ ಬರಲಿಲ್ಲವೆಂದರೆ ಸ್ಪೀಕರ್ ಬಚಾವ್. ಆಮೇಲೆ ಕಂಪ್ಯೂಟರಿನ ಅದೇ ಹಸಿರು ಜ್ಯಾಕಿಗೆ ಇಯರ್‌ಫೋನ್ ಹಾಕಿ. ಅದರಲ್ಲೂ ಬಂದರೆ ದೋಷ ಕಂಪ್ಯೂಟರಿನದು. ಕೊನೆಗೆ ವೈ-ಫೈ ಪೂರ್ತಿ ಆಫ್ ಮಾಡಿ, ಡಿಸ್ಕಿನಲ್ಲೇ ಇರುವ ಹಾಡು ಹಾಕಿ ಕೇಳಿ. ಡೌನ್‌ಲೋಡ್ ಜತೆ ಸದ್ದು ಹೆಚ್ಚುತ್ತದೆ ಅಂದಿರಿ, ನನಗೆ ಅನುಮಾನ ಅಲ್ಲೇ.

ತುಂಗಾತೀರ

ಮೊಬೈಲ್ ಹಾಕಿದಾಗ ಚಟಚಟ ಇಲ್ಲ, ವಾಲ್ಯೂಮ್ ತಿರುಗಿಸಿದರೆ ಮಾತ್ರ ಕರಕರ. ಇಯರ್‌ಫೋನಿನಲ್ಲಿ ಚಟಚಟ ಇದೆ. ವೈ-ಫೈ ಆಫ್ ಮಾಡಿದರೆ ಪೂರ್ತಿ ನಿಂತಿತು! ವೈ-ಫೈಗೂ ಸದ್ದಿಗೂ ಏನು ಸಂಬಂಧ?

ಹತ್ತು_ಮಿಲಿಸೆಕೆಂಡ್

ವಿಂಡೋಸ್ ಸದ್ದನ್ನು ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ತುತ್ತುಗಳಾಗಿ ಸೌಂಡ್ ಚಿಪ್‌ಗೆ ಉಣಿಸುತ್ತದೆ. 48,000 ಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಬಿಡಿ ಅಳತೆ) ಲೆಕ್ಕದಲ್ಲಿ ಒಂದು ತುತ್ತಿಗೆ 480. ವೈ-ಫೈ ಡ್ರೈವರ್ ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡರೆ ಮುಂದಿನ ತುತ್ತು ತಡವಾಗುತ್ತದೆ. ಆ ಖಾಲಿ ಜಾಗವೇ ನಿಮಗೆ ಕೇಳುವ ಚಟ್. ಅದಕ್ಕೇ ಸೌಂಡ್ ಡ್ರೈವರ್ ಎಷ್ಟು ಸಲ ಹಾಕಿದರೂ ಪ್ರಯೋಜನವಾಗಲಿಲ್ಲ.

ಖಚಿತಪಡಿಸಿಕೊಳ್ಳಲು ಲೇಟೆನ್ಸಿಮಾನ್ ಎಂಬ ತಂತ್ರಾಂಶ ಇದೆ. ವೈ-ಫೈ ಆನ್ ಇಟ್ಟು, ಹಾಡು ಮತ್ತು ಡೌನ್‌ಲೋಡ್ ಎರಡೂ ನಡೀತಿರುವಾಗ 10 ನಿಮಿಷ ಓಡಿಸಿ. ಡ್ರೈವರ್ಸ್ ಟ್ಯಾಬಿನಲ್ಲಿ ಹೆಚ್ಚು ಸಮಯ ತಿಂದವರ ಪಟ್ಟಿ ಬರುತ್ತದೆ. ಮೇಲೆ ಎನ್‌ಡಿಐಎಸ್ (ndis.sys, ವಿಂಡೋಸಿನ ನೆಟ್‌ವರ್ಕ್ ಭಾಗ) ಅಥವಾ ವೈ-ಫೈ ಕಾರ್ಡಿನ ಫೈಲ್ ಕಂಡರೆ ಕಳ್ಳ ಸಿಕ್ಕ.

ಡ್ರೈವರನ್ನು ಮದರ್‌ಬೋರ್ಡ್ ಅಥವಾ ವೈ-ಫೈ ಚಿಪ್ ತಯಾರಕರ ತಾಣದಿಂದಲೇ ಇಳಿಸಿ. ವಿಂಡೋಸ್ ಅಪ್‌ಡೇಟ್ ಕೊಡುವುದು ಎಷ್ಟೋ ಸಲ ಹಳೆಯದು. ಹೊಸದರಲ್ಲೂ ಬಂದರೆ ಒಂದು ಹೆಜ್ಜೆ ಹಿಂದಿನ ಆವೃತ್ತಿ ಹಾಕಿ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ವೈ-ಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಪವರ್ ಪ್ಲಾನಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಅನ್ನುವುದನ್ನೂ ಆಫ್ ಮಾಡಿ. ಒಂದೊಂದೇ ಬದಲಿಸಿ, ಪ್ರತಿ ಸಲ ಕೇಳಿ ನೋಡಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತಲೇ ತಿಳಿಯುವುದಿಲ್ಲ.

ರೂಟರ್ ಹತ್ತಿರವಿದ್ದರೆ ಇಷ್ಟೆಲ್ಲ ಬೇಡ, ಲ್ಯಾನ್ ಕೇಬಲ್ ಎಳೆದು ವೈ-ಫೈ ಡಿಸೇಬಲ್ ಮಾಡಿಬಿಡಿ.

ಬೆಸುಗೆಕಡ್ಡಿ

ಇನ್ನು ಕರಕರದ ವಿಚಾರ. ವಾಲ್ಯೂಮ್ ಗುಬುಟು ಎರಡೂ ತುದಿಯಲ್ಲಿ ನಿಲ್ಲುತ್ತದಾ, ಇಲ್ಲಾ ಸುತ್ತುತ್ತಲೇ ಹೋಗುತ್ತದಾ? ಸುತ್ತುತ್ತಲೇ ಹೋದರೆ ಅದು ಡಿಜಿಟಲ್ ಎನ್‌ಕೋಡರ್, ಕೆಟ್ಟಾಗ ಕರಕರ ಅನ್ನುವುದಿಲ್ಲ, ವಾಲ್ಯೂಮ್ ಎಗರಾಡುತ್ತದೆ. ನಿಮ್ಮದು ನಿಲ್ಲುವ ಜಾತಿ ಇರಬೇಕು, ಅಂದರೆ ಪಾಟ್ (ಪೊಟೆನ್ಶಿಯೊಮೀಟರ್). ಅದರೊಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಓಡಾಡುತ್ತದೆ. ಧೂಳು ಕೂತ ಅಥವಾ ಸವೆದ ಕಡೆ ನಾಲಿಗೆ ಸರಿಯಾಗಿ ತಾಗುವುದಿಲ್ಲ.

ಪ್ಲಗ್ ಗೋಡೆಯಿಂದ ಕಿತ್ತು 10 ನಿಮಿಷ ಬಿಡಿ, ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಇರುತ್ತವೆ. ಆಮೇಲೆ ಬಿಚ್ಚಿ, ಪಾಟ್ ಕಾಲುಗಳ ಹತ್ತಿರದ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸೆಕೆಂಡ್ ಹೊಡೆದು, ಗುಬುಟನ್ನು ತುದಿಯಿಂದ ತುದಿಗೆ 30 ಸಲ ತಿರುಗಿಸಿ. ಅರ್ಧ ಗಂಟೆ ಒಣಗಿದ ಮೇಲೆಯೇ ಕರೆಂಟ್. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡವೇ ಬೇಡ, ಜಿಡ್ಡು ಉಳಿದು ಮತ್ತೆ ಧೂಳು ಹಿಡಿಯುತ್ತದೆ.

ಅರ್ಧದಲ್ಲೇ ಎಡಗಡೆ ಸಾಯುತ್ತದೆ ಅಂದರೆ ಪಟ್ಟಿ ಅಲ್ಲಿ ಸವೆದಿರಲೂಬಹುದು. ಆಗ ಕ್ಲೀನರ್ ಒಂದೆರಡು ವಾರದ ಮಾತು, ಪಾಟೇ ಬದಲಿಸಬೇಕು. ಸ್ಟೀರಿಯೊ ಪಾಟಿಗೆ ಆರು ಕಾಲು. ಮೈಮೇಲೆ ಬಿ50ಕೆ ಅಥವಾ ಎ50ಕೆ ಥರ ಬರೆದಿರುತ್ತದೆ, ಅದೇ ಅಕ್ಷರ, ಅದೇ ಅಂಕಿ ನೋಡಿ ತನ್ನಿ. ಶಾಫ್ಟಿನ ಉದ್ದವನ್ನೂ ಅಳೆದುಕೊಳ್ಳಿ, ಇಲ್ಲದಿದ್ದರೆ ಗುಬುಟು ಕೂರುವುದಿಲ್ಲ. ಬೆಂಗಳೂರಾದರೆ ಎಸ್‌.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ. ಹಳೆಯ ಪಾಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಹೊಸ ಪಾಟ್ ಹಾಕಿದರೂ ಕರಕರ ಹೋಗದಿದ್ದರೆ ಮಲ್ಟಿಮೀಟರಿನಲ್ಲಿ ಪಾಟ್ ಕಾಲಿಗೂ ಗ್ರೌಂಡಿಗೂ ಡಿಸಿ ವೋಲ್ಟೇಜ್ ಅಳೆಯಿರಿ. ಒಂದೆರಡು ಮಿಲಿವೋಲ್ಟ್ ಸರಿ. ಹತ್ತಾರು ಬಂದರೆ ಹಿಂದಿನ ಕಪ್ಲಿಂಗ್ ಕೆಪಾಸಿಟರ್ (ಸದ್ದನ್ನು ಬಿಟ್ಟು ಡಿಸಿ ತಡೆಯುವುದು) ಸೋರುತ್ತಿರಬಹುದು.

ಅರ್ಥಿಂಗ್ ಅಣ್ಣ

ಮುಂದೆ ಇದೇ ಹುಡುಕಿಕೊಂಡು ಬರುವವರಿಗೆ: ನಿಮ್ಮದು ಚಟಚಟ ಅಲ್ಲದೆ ಒಂದೇ ಸಮನೆ ಗುಂಯ್ ಅನ್ನುತ್ತಿದ್ದರೆ, ಅಥವಾ ಮೌಸ್ ಆಡಿಸಿದಾಗಲೆಲ್ಲ ಕಿರ್ರ್ ಅಂದರೆ, ಹೆಚ್ಚಾಗಿ ಮೇಲಿನದು ಯಾವುದೂ ಅಲ್ಲ, ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಗ್ರೌಂಡ್ ಸೇರಿ ಆದ ಸುತ್ತಿನಲ್ಲಿ ಹರಿಯುವ ಬೇಡದ ಕರೆಂಟ್. ಸ್ಪೀಕರ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ 3.5 ಎಂಎಂ ಗ್ರೌಂಡ್ ಲೂಪ್ ಐಸೊಲೇಟರ್ ಮಧ್ಯೆ ಸೇರಿಸಿ. ಅಗ್ಗದವು ಬೇಸ್ ಸ್ವಲ್ಪ ತಿನ್ನುತ್ತವೆ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ, ಗುಂಯ್ ನಿಂತರೂ ಕ್ಯಾಬಿನೆಟ್ ಮುಟ್ಟಿದರೆ ಶಾಕ್ ಹೊಡೆದೀತು.

ತುಂಗಾತೀರ

ಗುಬುಟು ತುದಿಯಲ್ಲಿ ನಿಲ್ಲುತ್ತದೆ. ಹಿಂದಿನ ವೈ-ಫೈ ಡ್ರೈವರಿಗೆ ಹೋದೆ, ಒಂದು ಗಂಟೆಯಿಂದ ಒಂದೂ ಚಟ್ ಇಲ್ಲ. ಪಾಟ್ ಬಿಚ್ಚಿದೆ, ಬಿ50ಕೆ. ಕ್ಲೀನರ್ ಹೊಡೆದ ಮೇಲೆ ಕರಕರ ಹೋಯಿತು, ಅರ್ಧದಲ್ಲಿ ಎಡಗಡೆ ಸಾಯುವುದು ಹಾಗೇ ಇದೆ. ಶನಿವಾರ ಹೊಸ ಪಾಟ್ ತರುತ್ತೇನೆ.