ರಸ್ ಮೇಯರ್‌ನ ‘ಫ್ಯಾನಿ ಹಿಲ್’ (1964): ಕತ್ತರಿ ಬಿದ್ದು ಸಪ್ಪೆಯೋ, ಹುಟ್ಟಾ ಸಪ್ಪೆಯೋ?

ರೀಲುಹುಳ:
ಬಿಸಿ ಚಿತ್ರಗಳಿಗೆ ಹೆಸರಾದ ಅಮೆರಿಕದ ನಿರ್ದೇಶಕ ಮೇಯರ್ ಹೆಸರು ನೋಡಿ ಹಾಕಿದರೆ ಕಂಡಿದ್ದು ಬರೀ ಲಂಗ, ವಿಗ್ಗು, ಬಾಗಿಲಿಂದ ಬಾಗಿಲಿಗೆ ಓಡಾಟ. ಡಿಸ್ಕ್ ಯುರೋಪಿನದು, 100 ನಿಮಿಷಕ್ಕೆ ಮುಗಿಯುತ್ತೆ. ಎಲ್ಲ ಕಡೆ 104 ಅಂತ ಇದೆ. ಬಿಸಿಯಾದ ದೃಶ್ಯಗಳೆಲ್ಲ ಆ 4 ನಿಮಿಷದಲ್ಲೇ ಹೋದವಾ? 1959ರಲ್ಲೇ ‘ದಿ ಇಮ್ಮಾರಲ್ ಮಿಸ್ಟರ್ ಟೀಸ್’ ಎಂಬ ನಗ್ನ ಚಿತ್ರ ಮಾಡಿದವನು ಇಲ್ಲಿ ಯಾಕಿಷ್ಟು ಮಡಿವಂತ?

ಫ್ರೇಮುಲೆಕ್ಕ:
4 ನಿಮಿಷ ಎಲ್ಲೂ ಹೋಗಿಲ್ಲ, ವೇಗವಾಗಿ ಓಡಿಸಿದ್ದಾರೆ ಅಷ್ಟೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಪಾಲ್ (ಯುರೋಪಿನ ಟಿವಿ ಪದ್ಧತಿ) ಡಿಸ್ಕಿನಲ್ಲಿ 25ಕ್ಕೆ ಓಡಿಸುತ್ತಾರೆ. 104 × 24 ÷ 25 = 99.8. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ನೋಡಿ. 25 ಇದ್ದು, ಒಟ್ಟು ಅವಧಿ 100ರ ಆಸುಪಾಸಿದ್ದರೆ ದೊಡ್ಡ ಕತ್ತರಿ ಬಿದ್ದಿಲ್ಲ. 25 ಇದ್ದೂ 96 ನಿಮಿಷ ಬಂದರೆ ಆಗ ಅನುಮಾನ ಪಡಿ.

ವೇಗವನ್ನು ಮತ್ತೆ 24ಕ್ಕೆ ಇಳಿಸಿ ಸರಿಮಾಡುವಾಗ ಒಂದು ಎಚ್ಚರ. ಪಿಚ್ (ದನಿಯ ಶ್ರುತಿ) ಉಳಿಸಿಕೊಂಡು ನಿಧಾನ ಮಾಡುವ ಆಯ್ಕೆ ಒತ್ತಬೇಡಿ. ಪಾಲ್‌ನಲ್ಲಿ ದನಿ ಸುಮಾರು ಮುಕ್ಕಾಲು ಸೆಮಿಟೋನ್ (ಅರ್ಧಸ್ವರ) ಏರಿರುತ್ತೆ, ಅದೂ ಇಳಿಯಬೇಕು. ಆಡಿಯೊ ಸಾಫ್ಟ್‌ವೇರಿನಲ್ಲಿ 48,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) ಆಡಿಯೊವನ್ನು 46,080 ಎಂದು ಓದಿಸಿ, ಆಮೇಲೆ ಮತ್ತೆ 48,000ಕ್ಕೆ ರೀಸ್ಯಾಂಪಲ್ ಮಾಡಿ. (ಕೆಲವು ಡಿಸ್ಕುಗಳಲ್ಲಿ ಪಿಚ್ ಮೊದಲೇ ಸರಿಪಡಿಸಿರುತ್ತಾರೆ. ಅಂಥದಕ್ಕೆ ಹೀಗೆ ಮಾಡಿದರೆ ಎಲ್ಲರ ದನಿಯೂ ಗೊಗ್ಗರು.)

ಹಳೇಪರದೆ:
ಮಡಿವಂತಿಕೆಗೆ ಕಾರಣ ಕಾನೂನು ಮತ್ತು ನಿರ್ಮಾಪಕ. ಬರೀ ನಗ್ನತೆ ಅಶ್ಲೀಲವಲ್ಲ ಅಂತ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ 1957ರಲ್ಲಿ ಹೇಳಿದ್ದು ನಗ್ನ ಶಿಬಿರದ ಚಿತ್ರವೊಂದರ ಬಗ್ಗೆ. ಅಲ್ಲಿ ಬಟ್ಟೆ ಇಲ್ಲ, ಕಾಮವೂ ಇಲ್ಲ. ‘ಟೀಸ್’ ಆ ಸಂದಿಯಲ್ಲೇ ನುಸುಳಿತು: ಅದರಲ್ಲಿ ನೋಡುವುದುಂಟು, ಮುಟ್ಟುವುದಿಲ್ಲ. ‘ಫ್ಯಾನಿ ಹಿಲ್’ ಕತೆಯೇ ಸೂಳೆಮನೆಯದು. ಅಲ್ಲಿ ಬಟ್ಟೆ ಬಿಚ್ಚಿದರೆ ಎರಡೂ ಸೇರಿ ಕೇಸು. ಚಿತ್ರಕ್ಕೆ ಮೂಲವಾದ ಕಾದಂಬರಿಗೇ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಬಿಡುಗಡೆ ಸಿಕ್ಕಿದ್ದು 1966ರಲ್ಲಿ, ಚಿತ್ರ ಬಂದು ಎರಡು ವರ್ಷಕ್ಕೆ.

ಮೇಲಾಗಿ ಇದು ನಿರ್ಮಾಪಕ ಆಲ್ಬರ್ಟ್ ಝುಗ್‌ಸ್ಮಿತ್‌ನ ಚಿತ್ರ. ಪಶ್ಚಿಮ ಬರ್ಲಿನ್ನಿನಲ್ಲಿ, ಕಪ್ಪುಬಿಳುಪಿನಲ್ಲಿ ತೆಗೆದದ್ದು. ಇಬ್ಬರಿಗೂ ಹೊಂದಲಿಲ್ಲ. ಮೇಯರ್‌ನ ಬಲವೆಲ್ಲ ತಾನೇ ಕ್ಯಾಮೆರಾ ಹಿಡಿದು ತಾನೇ ಕತ್ತರಿಸುವುದರಲ್ಲಿ. ಇಲ್ಲಿ ಕ್ಯಾಮೆರಾ ಬೇರೆಯವರದು. ಅದೇ ವರ್ಷ ಮೇಯರ್ ತಾನೇ ತೆಗೆದ ‘ಲೋರ್ನಾ’ ಪಕ್ಕದಲ್ಲಿಟ್ಟು ಹತ್ತು ನಿಮಿಷ ನೋಡಿ, ಯಾರ ಕೈ ಕಟ್ಟಿತ್ತು ಅಂತ ತಿಳಿಯುತ್ತೆ.

ಆದರೆ ನನ್ನ ತಕರಾರು ಬಟ್ಟೆಯದ್ದಲ್ಲ. ಕ್ಲೆಲಂಡ್‌ನ 1748ರ ಕಾದಂಬರಿ ಫ್ಯಾನಿಯೇ ಬರೆದ ಎರಡು ಉದ್ದ ಪತ್ರ. ಒಂದೂ ಹೊಲಸು ಪದ ಬಳಸದೆ, ಎಲ್ಲವನ್ನೂ ಸುತ್ತುಬಳಸಿ, ತಿಳಿದೇ ಹೇಳುವ ಹೆಂಗಸಿನ ದನಿ ಅದು. ಚಿತ್ರದಲ್ಲಿ ಅವಳು ತಾನಿರುವ ಮನೆ ಎಂಥದು ಅಂತಲೂ ಗೊತ್ತಾಗದ ಪೆದ್ದಿ. ಒಂದೇ ನಗೆಚಟಾಕಿಯನ್ನು 104 ನಿಮಿಷ ಎಳೆದರೆ ಸಪ್ಪೆಯಾಗದೆ ಇನ್ನೇನು.

ನೆರಿಗೆಲಂಗ:
ಈ ಜಾತಿಯ ಚಿತ್ರಕ್ಕೆ ಹಳೇ ಕಾಲದ ಉಡುಪೇ ಶತ್ರು. 18ನೇ ಶತಮಾನದ ಗೌನು ನಿಲ್ಲುವುದು ಪಿನ್ನು, ಲಾಡಿಗಳಲ್ಲಿ. ಒಳಗೆ ಬಿಗಿಕಟ್ಟು, ಅದರಡಿ ಒಳಂಗಿ. ಬಿಚ್ಚುವುದನ್ನು ಪೂರ್ತಿ ತೋರಿಸಿದರೆ ರೀಲು ಖಾಲಿ, ಕಟ್ ಮಾಡಿದರೆ ಕುತೂಹಲ ಖಾಲಿ. ಕಾಲ ನಿಜವೋ ಸುಳ್ಳೋ ನೋಡಲು ಎದೆಯ ಆಕಾರ ಸಾಕು: ಆ ಕಾಲದ ಬಿಗಿಕಟ್ಟು ಎದೆಯನ್ನು ಚಪ್ಪಟೆ ಮಾಡಿ ಮೇಲೆತ್ತುತ್ತೆ. ಎರಡು ಮೊನೆ ಬೇರೆಬೇರೆ ಕಂಡರೆ ಒಳಗಿರುವುದು 1960ರ ಬ್ರಾ.

ಬೆಳಕೂ ಅಷ್ಟೆ. ಮೇಣದಬತ್ತಿಯ ಬೆಳಕೊಂದರಲ್ಲೇ ತೆಗೆಯಲು ನಿರ್ದೇಶಕ ಕುಬ್ರಿಕ್‌ಗೆ 1975ರ ‘ಬ್ಯಾರಿ ಲಿಂಡನ್’ನಲ್ಲೂ ತೀರಾ ಹೆಚ್ಚು ಬೆಳಕು ಒಳಬಿಡುವ ಎಫ್/0.7 ಝೈಸ್ ಲೆನ್ಸ್ ಬೇಕಾಯಿತು. ಅದಿಲ್ಲದವರು ಸ್ಟುಡಿಯೊ ದೀಪ ಸುರಿಯುತ್ತಾರೆ. ಬತ್ತಿಯ ನೆರಳೇ ಹಿಂದಿನ ಗೋಡೆಯ ಮೇಲೆ ಬಿದ್ದರೆ ಗುಟ್ಟು ರಟ್ಟು.

ಹಾಗಂತ ಡಿಸ್ಕ್ ಎಸೆಯಬೇಡಿ. ಮನೆಯೊಡತಿ ಮಿಸೆಸ್ ಬ್ರೌನ್ ಆಗಿರುವ ಮಿರಿಯಂ ಹಾಪ್ಕಿನ್ಸ್‌ಗಾಗಿ ನೋಡಬಹುದು. 1935ರ ‘ಬೆಕಿ ಶಾರ್ಪ್’ಗೆ ಆಸ್ಕರ್ ನಾಮನಿರ್ದೇಶನ ಪಡೆದವಳು, ಅದೂ ಹಳೇ ಕಾಲದ ಕತೆಯ ಚಿತ್ರವೇ. ಇಂಥ ಉಡುಪು ಅವಳಿಗೆ ಹೊಸದಲ್ಲ.

ರೀಲುಹುಳ:
ನೋಡಿದೆ, 25 ಫ್ರೇಮ್, 99 ನಿಮಿಷ 50 ಸೆಕೆಂಡ್. ವೇಗ ಇಳಿಸಿದ ಮೇಲೆ ಸಬ್‌ಟೈಟಲ್ ಮುಂದೆ ಓಡುತ್ತಿದೆ.

ಫ್ರೇಮುಲೆಕ್ಕ:
ಸಮಯ ಸರಿಸಬೇಡಿ, ಹಿಗ್ಗಿಸಿ. ಎಲ್ಲ ಟೈಮ್‌ಕೋಡನ್ನೂ 1.04167ರಿಂದ ಗುಣಿಸಿ. ಸಬ್‌ಟೈಟಲ್ ಎಡಿಟ್ ಎಂಬ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಬದಲಿಸುವ ಕಡೆ 25ರಿಂದ 24 ಕೊಟ್ಟರೆ ಅದೇ ಮಾಡುತ್ತೆ. 23.976 ಕೊಟ್ಟರೆ ಕೊನೆಗೆ ಬರುವಷ್ಟರಲ್ಲಿ 6 ಸೆಕೆಂಡ್ ಹಿಂದೆ ಬೀಳುತ್ತೆ.