ಮುಪ್ಪಿನ ಸಂಶೋಧನೆ ಬಿಟ್ಟು ಲೈಬ್ರರಿ ಕೆಲಸಕ್ಕೆ ಹೋದವರು ಯಾರಾದರೂ ಇದ್ದೀರಾ?

ಎಂಟು ವರ್ಷದಿಂದ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮುಪ್ಪಿನ ಮೇಲೆ ಕೆಲಸ ಮಾಡುತ್ತಿದ್ದೇನೆ. ಸಿ. ಎಲೆಗನ್ಸ್ ಹುಳು ಸಾಕುತ್ತೇನೆ, ಎರಡು ಮೂರು ವಾರಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ನನ್ನ ಗ್ರಾಂಟ್ ಮಾರ್ಚಿಗೆ ಮುಗಿಯುತ್ತದೆ. ಊರ ಕಡೆ ಹೋಗಿ ಲೈಬ್ರರಿಯಲ್ಲಿ ಕೆಲಸ ಮಾಡೋಣ ಅಂತ ಆಸೆ. ಮನೆಯಲ್ಲಿ "ಪಿಎಚ್‌.ಡಿ. ಮಾಡಿ ಪೇಪರ್ ಜೋಡಿಸ್ತೀಯಾ" ಅನ್ನುತ್ತಾರೆ. ಈ ದಾರಿ ಹಿಡಿದವರು ಇದ್ದರೆ ಹೇಳಿ.

*

ನಾನು ಹೋದವಳು. ಆದರೆ ಲ್ಯಾಬಿನಿಂದಲ್ಲ, ಫೀಲ್ಡಿನಿಂದ. ಹಿರಿಯರ ನೆನಪಿನ ಶಕ್ತಿ ಅಳೆಯುವ ಒಂದು ಪ್ರಾಜೆಕ್ಟಿಗೆ ಆರು ವರ್ಷ ಹಳ್ಳಿ ಸುತ್ತಿದ್ದೇನೆ. ಹತ್ತು ಪದ ಓದಿ ಹೇಳೋದು, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಅಂತ ಕೇಳೋದು, ಕೈಗೆ ಹಿಡಿತದ ಮೀಟರ್ ಕೊಟ್ಟು "ಜೋರಾಗಿ ಹಿಂಡಿ ಅಜ್ಜ" ಅನ್ನೋದು, ಆಮೇಲೆ ಗಡಿಯಾರದ ಚಿತ್ರ ಬರೆಸೋದು. ಒಬ್ಬ ಅಜ್ಜಿ ಪೆನ್ನನ್ನು ಊದುಬತ್ತಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, "ಇದನ್ನ ಮುಟ್ಟಿದೋಳೇ ಅಲ್ಲ ಕಣವ್ವ, ಗಡಿಯಾರ ಎಲ್ಲಿ ಬರೀಲಿ" ಅಂದರು. ಸೊನ್ನೆ ಹಾಕಿದೆ. ಅದೇ ಅಜ್ಜಿ ನಾನು ಚೀಲ ಕಟ್ಟುವಷ್ಟರಲ್ಲಿ ಯಾವ ಮನೆಗೆ ಯಾರು ಸೊಸೆಯಾಗಿ ಬಂದರು, ಕೆರೆ ಕೋಡಿ ಬಿದ್ದ ವರ್ಷ ಯಾರ ಎಮ್ಮೆ ಕೊಚ್ಚಿಹೋಯಿತು, ಎಲ್ಲ ಹೇಳಿ ಮುಗಿಸಿದ್ದರು. ಶಾಲೆ ನೋಡದವರಿಗೆ ಇಂಥ ಪರೀಕ್ಷೆ ಸರಿ ಹೊಂದಲ್ಲ ಅನ್ನೋದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸೊನ್ನೆ ಬರೆದು ಎದ್ದು ಬರಬೇಕಲ್ಲ, ಮತ್ತೆ ಆ ಮನೆಗೆ ಹೋಗೋದೇ ಇಲ್ಲ. ಅದು ಕಷ್ಟವಾಗತೊಡಗಿತು.

ಈಗ ಒಂದು ತಾಲ್ಲೂಕು ಊರಲ್ಲಿ ಟ್ರಸ್ಟಿನ ಲೈಬ್ರರಿ ನೋಡಿಕೊಳ್ಳುತ್ತೇನೆ. ಸಂಬಳ ಮೊದಲಿನ ಅರ್ಧಕ್ಕಿಂತ ಕಡಿಮೆ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಮೊದಲ ತಿಂಗಳು ಪೂರ್ತಿ ಗೆದ್ದಲು ಹಿಡಿದ ಕಪಾಟು ಖಾಲಿ ಮಾಡೋದು, ಪುಸ್ತಕ ಕೊಡವೋದು, ಲೈಬ್ರರಿಗೆ ಬಂದ ಪುಸ್ತಕಗಳನ್ನು ಬರೆದಿಡುವ ಆಕ್ಸೆಷನ್ ರಿಜಿಸ್ಟರ್‌ನಲ್ಲಿ ಇದ್ದೂ ಕಪಾಟಿನಲ್ಲಿ ಇಲ್ಲದ್ದು ಯಾವುದು ಅಂತ ಗುರುತು ಹಾಕೋದು, ಇಷ್ಟರಲ್ಲೇ ಹೋಯಿತು.

ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ನಾಲ್ಕೈದು ರಿಟೈರ್ಡ್ ಮೇಷ್ಟ್ರುಗಳು ಕಾಯುತ್ತಿರುತ್ತಾರೆ. ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರು ದಪ್ಪಕ್ಷರ ಮಾತ್ರ ಓದಿ ಮಡಚಿ ಇಡುತ್ತಿದ್ದರು. ಆಸಕ್ತಿ ಇಲ್ಲ ಅಂದುಕೊಂಡಿದ್ದೆ, ನೋಡಿದರೆ ಕಣ್ಣು. ಬೆಂಚನ್ನು ಕಿಟಕಿ ಹತ್ತಿರ ಎಳೆಸಿದೆ, ಭೂತಗನ್ನಡಿಗೆ ದಾರ ಕಟ್ಟಿ ಮೇಜಿಗೆ ಇಟ್ಟೆ, ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಹಾಕಿಸಿದೆ. ಹಳೇ ಕೆಲಸದಿಂದ ಜೊತೆಗೆ ಬಂದದ್ದು ಇದು. ಅಜ್ಜಂದಿರು ಬರುತ್ತಾರೆ, ಅಜ್ಜಿಯರು ಬರುತ್ತಿರಲಿಲ್ಲ. ವಾರಕ್ಕೊಂದು ದಿನ ಮಧ್ಯಾಹ್ನ ಮೂರಕ್ಕೆ, ಮನೆ ಕೆಲಸ ಮುಗಿದ ಹೊತ್ತಿಗೆ, ಜಗಲಿಯಲ್ಲಿ ಕೂತು ಗಟ್ಟಿಯಾಗಿ ಕತೆ ಓದಲು ಶುರು ಮಾಡಿದೆ, ಆಗ ಬಂದರು. ನೆನಪಿನ ಶಕ್ತಿ ಜಾಸ್ತಿ ಆಯಿತಾ ಅಂತ ಕೇಳಬೇಡಿ. ಅಳೆದಿಲ್ಲ.

ಸರ್ಕಾರಿ ಲೈಬ್ರರಿಯನ್ ಹುದ್ದೆಗೆ ಹುಳುವಿನ ಪಿಎಚ್‌.ಡಿ. ಲೆಕ್ಕಕ್ಕಿಲ್ಲ, ಗ್ರಂಥಾಲಯ ವಿಜ್ಞಾನದಲ್ಲೇ ಡಿಗ್ರಿ ಬೇಕು. ದೂರಶಿಕ್ಷಣ ಕೊಡುವ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಆ ಡಿಗ್ರಿ, ಅಂದರೆ ಬಿ.ಲಿಬ್., ಒಂದು ವರ್ಷದ್ದು, ಕೆಲಸದಲ್ಲಿ ಇದ್ದುಕೊಂಡೇ ಮಾಡಬಹುದು. ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕಲಿತಿಡಿ.

*

ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕ ನಾನು. ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. 2019ರಲ್ಲಿ ನಮ್ಮ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಕಂಪ್ಯೂಟರ್ ಬಂತು, ಮಕ್ಕಳು ಬಂದರು, ಎಲ್ಲ ಸರಿ. ಆದರೆ ಸುಮ್ನೆ ಪುಸ್ತಕದ ಮಧ್ಯೆ ಕೂತಿರಬಹುದು ಅಂದುಕೊಂಡು ಬಂದರೆ ಮೂರು ತಿಂಗಳಿಗೆ ಓಡಿಹೋಗುತ್ತೀರಿ. ಅರ್ಜಿ ತುಂಬೋದು, ಹುಡುಗರಿಗೆ ಪರೀಕ್ಷೆ ರಿಸಲ್ಟ್ ತೆಗೆದುಕೊಡೋದು, ಪಿಂಚಣಿ ಬಂತಾ ನೋಡಪ್ಪಾ ಅಂತ ಬರುವ ಅಜ್ಜನಿಗೆ ಫೋನಿನ ಮೆಸೇಜ್ ಓದಿ ಹೇಳೋದು, ದಿನದ ಅರ್ಧ ಇದೇ. ಒಂದು ವಾರ ಯಾವುದಾದರೂ ಲೈಬ್ರರಿಯಲ್ಲಿ ಬಂದು ಕೂತು ನೋಡಿ, ಆಮೇಲೆ ರಾಜೀನಾಮೆ ಬರೆಯಿರಿ.

*

ಮನೆಯವರಿಗೆ ಎಸ್.ಆರ್. ರಂಗನಾಥನ್ ಅವರ ವಿಷಯ ಹೇಳಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡವರು, ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಸೇರಿ, ಕೆಲವೇ ದಿನಕ್ಕೆ ಬೇಜಾರಾಗಿ, ವಾಪಸ್ ಪಾಠ ಮಾಡಲು ಬರ್ತೀನಿ ಅಂತ ಕಾಲೇಜಿಗೆ ಹೋಗಿ ಕೇಳಿದ್ದರು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿದ ಮೇಲೆ ಮನಸ್ಸು ತಿರುಗಿತು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಮೇಲೆ ಅವರು ಬರೆದ ಪುಸ್ತಕ ಬಂದದ್ದು 1931ರಲ್ಲಿ, ಬೆಂಗಳೂರಿನಲ್ಲಿ ಅವರೇ ಕಟ್ಟಿದ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಶುರುವಾಗಿದ್ದು 1962ರಲ್ಲಿ. ಮೊದಲ ವಾರ ನಿಮಗೂ ಬೇಜಾರಾದರೆ ಗಾಬರಿ ಬೇಡ.

*

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಇಗ್ನೋ ಫಾರಂ ತುಂಬಿದೆ, ಕೆಲಸ ಬಿಟ್ಟಿಲ್ಲ. ಶನಿವಾರ ನಮ್ಮೂರ ಲೈಬ್ರರಿಯಲ್ಲಿ ಕೂತಿದ್ದೆ. ಫೋನ್ ಹಿಡಿದ ಅಜ್ಜ ನಿಜಕ್ಕೂ ಬಂದರು, ಒಂದೇ ಮೆಸೇಜನ್ನು ಮೂರು ಸಲ ಓದಿಸಿದರು. ಅಂದ ಹಾಗೆ ಮೇಡಂ, ಆ ದೊಡ್ಡ ಭೂತಗನ್ನಡಿ ಎಲ್ಲಿ ತಗೊಂಡಿರಿ?